ನೆಲಗಪ್ಪೆಗೆ ಗುರುತು ಹಾಕಿದವರು: ಕೆಂಪುಹೊಳೆ, ಕೊಟ್ಟಿಗೆಹಾರ ಮತ್ತು ಒಂದು ಹಿಮದ ಹುಲ್ಲುಗಾವಲು

ಆಗದ ಹೋಗದ ಕೆಲಸಕ್ಕೆ ನಮ್ಮಲ್ಲಿ ಒಂದು ಮಾತುಂಟು: ಕಪ್ಪೆಗಳನ್ನು ತಕ್ಕಡಿಗೆ ಹಾಕಿ ತೂಗಿದ ಹಾಗೆ. ಒಂದನ್ನು ಇಡುವಷ್ಟರಲ್ಲಿ ಇನ್ನೊಂದು ಹಾರಿರುತ್ತದೆ. ಎರಡನ್ನು ಹಿಡಿದರೆ ಮೂರನೆಯದು ತೋಡಿಗೆ ಇಳಿದಿರುತ್ತದೆ. ಊರ ಸಭೆಯಲ್ಲಿ ಎಲ್ಲರನ್ನೂ ಒಂದು ಅಭಿಪ್ರಾಯಕ್ಕೆ ತರುವ ಕಷ್ಟ ಹೇಳಲಿಕ್ಕೆ ಈ ಮಾತನ್ನು ನಾವೆಲ್ಲ ಬಳಸುತ್ತೇವೆ.

ಆದರೆ ಮಾತಿಗಲ್ಲ, ನಿಜಕ್ಕೂ ಕಪ್ಪೆಗಳನ್ನು ಹಿಡಿದು, ತೂಗಿ, ಗುರುತು ಹಾಕಿ, ಬಿಟ್ಟು, ಮುಂದಿನ ವರ್ಷ ಅದೇ ಕಪ್ಪೆ ಬಂತೇ ಎಂದು ಕಾದು ಕುಳಿತವರಿದ್ದಾರೆ. ಅವರ ಕೆಲಸಕ್ಕೆ ಸುಮಾರು ನೂರು ವರ್ಷದ ಚರಿತ್ರೆ ಇದೆ. ಅದರ ಒಂದು ಮುಖ್ಯ ಪುಟ ನಮ್ಮ ಮೆಲ್ಕಾರಿನಿಂದ ಘಟ್ಟ ಹತ್ತುವ ರಸ್ತೆಗಳ ಪಕ್ಕದಲ್ಲೇ ಬರೆದದ್ದು. ಈ ವಾರ ಆ ಕಥೆ ಹೇಳುತ್ತೇವೆ.

ನಾವು ವಿಜ್ಞಾನ ಓದಿದವರಲ್ಲ, ಪತ್ರಿಕೋದ್ಯಮ ಓದಿದವರು. ಹಾಗಾಗಿ ಲ್ಯಾಟಿನ್ ಹೆಸರುಗಳನ್ನು ಬೇಕಾದಷ್ಟೇ ಬಳಸಿ, ಉಳಿದದ್ದನ್ನು ಊರ ಮಾತಿನಲ್ಲಿ ಹೇಳುತ್ತೇವೆ.

ನೆಲಗಪ್ಪೆ ಅಂದರೆ ಯಾವುದು?

ಸಂಜೆ ಹೊತ್ತಿಗೆ ಜಗಲಿಯ ದೀಪದ ಕೆಳಗೆ ಬಂದು ಕೂತು ಹುಳ ತಿನ್ನುವುದು, ಮೈಯೆಲ್ಲ ಗಂಟುಗಂಟು, ಹಾರುವುದಕ್ಕಿಂತ ಕುಪ್ಪಳಿಸುವುದೇ ಹೆಚ್ಚು. ಅದೇ ನೆಲಗಪ್ಪೆ. ಕಣ್ಣಿನ ಹಿಂದೆ ಎರಡು ಉಬ್ಬು ಗ್ರಂಥಿಗಳಿರುತ್ತವೆ. ಅದರಲ್ಲಿ ಹಾಲಿನಂತಹ ವಿಷ. ಮನೆಯ ನಾಯಿ ಒಮ್ಮೆ ಬಾಯಿ ಹಾಕಿ ನೊರೆ ಸುರಿಸಿಕೊಂಡರೆ ಮತ್ತೆ ಅದರ ತಂಟೆಗೆ ಹೋಗುವುದಿಲ್ಲ. ತೊಗಲು ಒರಟಾದ್ದರಿಂದ ನೀರಿನಿಂದ ದೂರ ಇರಬಲ್ಲದು. ಆದರೆ ಮೊಟ್ಟೆ ಇಡಲಿಕ್ಕೆ ನೀರಿಗೇ ಬರಬೇಕು. ಮೊಟ್ಟೆಗಳು ಕರಿಮಣಿ ಸರದ ಹಾಗೆ ಉದ್ದಕ್ಕೆ ಅಂಟಿನಲ್ಲಿ ಸಾಲಾಗಿ ಇರುತ್ತವೆ. ಗದ್ದೆಯ ನೀರಿನಲ್ಲಿ ನೀವೆಲ್ಲ ನೋಡಿಯೇ ಇರುತ್ತೀರಿ.

ನಮ್ಮ ಮನೆಯ ಈ ನೆಲಗಪ್ಪೆಗೆ 1799ರಲ್ಲೇ ಜರ್ಮನಿಯ ಷ್ನೈಡರ್ ಎಂಬ ವಿದ್ವಾಂಸ ವೈಜ್ಞಾನಿಕ ಹೆಸರು ಕೊಟ್ಟಿದ್ದ. ಈಗ ಅದರ ಕುಲದ ಹೆಸರು ದತ್ತಾಫ್ರೈನಸ್. ಒಡಿಶಾದ ಕಪ್ಪೆ ವಿಜ್ಞಾನಿ ಸುಶೀಲ್ ಕುಮಾರ್ ದತ್ತಾ ಅವರ ಗೌರವಕ್ಕೆ 2006ರಲ್ಲಿ ಇಟ್ಟ ಹೆಸರು ಅದು.

ಮನೆಯ ನೆಲಗಪ್ಪೆ ಎಲ್ಲ ಕಡೆಯೂ ಇದೆ. ಆದರೆ ಘಟ್ಟದಲ್ಲಿ ಅದರ ದಾಯಾದಿಗಳಿವೆ. ಒಂದು ಜಾತಿ ಮರದ ಮೇಲೆ ವಾಸಿಸುತ್ತದೆ, ಮರದ ಪೊಟರೆಯಲ್ಲಿ ಅಡಗುತ್ತದೆ. ಮಲಬಾರ್ ಮರಗಪ್ಪೆ ಎಂದು ಕರೆಯುವ ಇದನ್ನು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ಕೂತು ಆಲ್ಬರ್ಟ್ ಗುಂಥರ್ 1870ರ ದಶಕದಲ್ಲಿ ವರ್ಣಿಸಿದ. ಹೆಸರಿನಲ್ಲಿ ಮಾತ್ರ ಮರದ ಕಪ್ಪೆ, ಕುಲದಲ್ಲಿ ನೆಲಗಪ್ಪೆಯ ಬಂಧು. ಇನ್ನೊಂದು ದಾಯಾದಿಯ ಕಥೆಗೆ ನಾವು ರಸ್ತೆ ಹಿಡಿಯಬೇಕು.

ಎರಡು ರಸ್ತೆ, ಎರಡು ಹೆಸರು

ಮೆಲ್ಕಾರಿನಲ್ಲಿ ನಿಂತು ಪೂರ್ವಕ್ಕೆ ಹೊರಟರೆ ಹೆದ್ದಾರಿ 75. ಕಲ್ಲಡ್ಕ, ಮಾಣಿ, ಉಪ್ಪಿನಂಗಡಿ, ನೆಲ್ಯಾಡಿ, ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತಿದರೆ ಕೆಂಪುಹೊಳೆ. ಬೆಂಗಳೂರು ಬಸ್ಸಿನಲ್ಲಿ ರಾತ್ರಿ ಕೂತವರು ನಿದ್ದೆಯಲ್ಲೇ ದಾಟಿಬಿಡುವ ಜಾಗ. ಹಿಂದಕ್ಕೆ ಬಂದು ಪಾಣೆಮಂಗಳೂರು ಸೇತುವೆ ದಾಟಿ ಬಿ.ಸಿ.ರೋಡಿನಿಂದ ಹೆದ್ದಾರಿ 73 ಹಿಡಿದರೆ ಪುಂಜಾಲಕಟ್ಟೆ, ಬೆಳ್ತಂಗಡಿ, ಉಜಿರೆ, ಚಾರ್ಮಾಡಿ. ಘಾಟಿ ಹತ್ತಿದ ಕೂಡಲೇ ಬಿಸಿ ಚಹಾಕ್ಕೆ ಬಸ್ಸು ನಿಲ್ಲುವ ಜಾಗ ಕೊಟ್ಟಿಗೆಹಾರ.

ಈ ಎರಡೂ ಊರುಗಳ ಹೆಸರು 1937ರಿಂದ ಪ್ರಪಂಚದ ಕಪ್ಪೆ ವಿಜ್ಞಾನದ ದಾಖಲೆಯಲ್ಲಿವೆ. ಅಲ್ಲಿಗೆ ಸೇರಿಸಿದವರು ಸಿ.ಆರ್. ನಾರಾಯಣ ರಾವ್.

1882ರಲ್ಲಿ ಕೊಯಮತ್ತೂರಿನಲ್ಲಿ ಹುಟ್ಟಿದ ನಾರಾಯಣ ರಾಯರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಆ ವಿಭಾಗ ಕಟ್ಟಿದವರು ಅವರೇ. ಭಾರತದಲ್ಲಿ ನಡೆಯುವ ವಿಜ್ಞಾನದ ಕೆಲಸ ಪ್ರಕಟಿಸಲು ಭಾರತದ್ದೇ ಪತ್ರಿಕೆ ಬೇಕೆಂದು 1932ರಲ್ಲಿ ಬೆಂಗಳೂರಿನಿಂದ ಹೊರಟ 'ಕರೆಂಟ್ ಸೈನ್ಸ್' ಪತ್ರಿಕೆಗೆ ಮೊದಲ ಸಂಪಾದಕರೂ ಅವರೇ. ಆ ಪತ್ರಿಕೆ ಇಂದಿಗೂ ಬರುತ್ತಿದೆ. ಪತ್ರಿಕೆ ನಡೆಸುವ ಕಷ್ಟ ಅಲ್ಪಸ್ವಲ್ಪ ಗೊತ್ತಿರುವ ನಮಗೆ, ಪಾಠ ಮಾಡುತ್ತ, ಪತ್ರಿಕೆ ತಿದ್ದುತ್ತ, ಅದರ ನಡುವೆ ಘಟ್ಟದ ಕಪ್ಪೆಗಳ ಬೆನ್ನು ಹತ್ತಿದ ಈ ಮನುಷ್ಯರ ಮೇಲೆ ಗೌರವ ಹುಟ್ಟುತ್ತದೆ.

1937ರಲ್ಲಿ ರಾಯರು ದಕ್ಷಿಣ ಭಾರತದ ಹೊಸ ಕಪ್ಪೆಗಳ ಬಗ್ಗೆ ಒಂದು ದೀರ್ಘ ಲೇಖನ ಪ್ರಕಟಿಸಿದರು. ಸಿ.ವಿ. ರಾಮನ್ 1934ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ವಿಜ್ಞಾನ ಅಕಾಡೆಮಿಯ ಸಂಚಿಕೆಯಲ್ಲಿ ಅದು ಬಂತು. ಅದರಲ್ಲಿ ಕೆಂಪುಹೊಳೆಯಿಂದ ಒಂದು ನೆಲಗಪ್ಪೆ ಇತ್ತು. ಮೂತಿ ಗಿಡ್ಡ. ಹಾಗಾಗಿ ಲ್ಯಾಟಿನ್ನಿನಲ್ಲಿ ಗಿಡ್ಡಮೂತಿ ಎಂಬ ಅರ್ಥದ 'ಬ್ರೆವಿರಾಸ್ಟ್ರಿಸ್' ಎಂದು ಹೆಸರಿಟ್ಟರು. ಸಿಕ್ಕಿದ ಜಾಗ: ಕೆಂಪುಹೊಳೆ, ಹಾಸನ, ಮೈಸೂರು ಸಂಸ್ಥಾನ. ಅದೇ ಲೇಖನದಲ್ಲಿ ಕೊಟ್ಟಿಗೆಹಾರದ ಒಂದು ಪುಟ್ಟ ಕಪ್ಪೆಯೂ ಇತ್ತು. ಅದಕ್ಕೆ ಊರಿನ ಹೆಸರನ್ನೇ ಕೊಟ್ಟರು, 'ಕೊಟ್ಟಿಗೆಹಾರೆನ್ಸಿಸ್'. ಕೊಡಗಿನ ಭಾಗಮಂಡಲದ ಕಪ್ಪೆಯೊಂದಕ್ಕೂ ಅವರು ಹೆಸರು ಕೊಟ್ಟಿದ್ದರು.

ಆಗ ಹಾಸನ, ಕಡೂರು ಜಿಲ್ಲೆಗಳು ಮೈಸೂರು ಅರಸರ ಕೈಲಿದ್ದವು. ಘಟ್ಟದ ಕೆಳಗಿನ ನಮ್ಮ ದಕ್ಷಿಣ ಕನ್ನಡ ಮದ್ರಾಸು ಪ್ರಾಂತ್ಯದಲ್ಲಿತ್ತು. ರಾಯರ ಲೇಖನದ ಜಾಗದ ಹೆಸರುಗಳು ಘಟ್ಟದ ಆ ಬದಿಯವು. ಕಪ್ಪೆಗೆ ಮಾತ್ರ ಈ ಗಡಿ ಗೊತ್ತಿರಲಿಲ್ಲ.

ಬಾಟಲಿಗಳು ಹೋದವು, ಊರ ಹೆಸರು ಉಳಿಯಿತು

ಹೊಸ ಪ್ರಾಣಿಗೆ ಹೆಸರಿಡುವಾಗ ಒಂದು ನಿಯಮವಿದೆ. ಯಾವ ಪ್ರಾಣಿಯನ್ನು ನೋಡಿ ಹೆಸರಿಟ್ಟರೋ ಅದರ ದೇಹವನ್ನು ದ್ರಾವಣ ತುಂಬಿದ ಬಾಟಲಿಯಲ್ಲಿ ಜೋಪಾನವಾಗಿ ಇಡಬೇಕು. ನಾಳೆ ಯಾರಾದರೂ ನಾನು ಹಿಡಿದದ್ದೂ ಅದೇ ಕಪ್ಪೆಯೋ ಎಂದು ಕೇಳಿದರೆ ಪಕ್ಕ ಪಕ್ಕ ಇಟ್ಟು ನೋಡಬೇಕು. ಜಾಗದ ಆರ್‌ಟಿಸಿ ಇದ್ದ ಹಾಗೆ ಅದು, ಮೂಲ ದಾಖಲೆ.

ರಾಯರು ಇಟ್ಟಿದ್ದ ಬಾಟಲಿಗಳು ಸೆಂಟ್ರಲ್ ಕಾಲೇಜಿನ ಸಂಗ್ರಹದಲ್ಲಿದ್ದವು. ಅವು ಕಳೆದುಹೋದವು. ರಾಯರು 1960ರಲ್ಲಿ ತೀರಿಕೊಂಡರು. ಮುಂದಿನ ತಲೆಮಾರಿನ ಸಂಶೋಧಕರು ಹುಡುಕಿಕೊಂಡು ಬಂದಾಗ ಮೂಲ ಕಪ್ಪೆಗಳು ಇರಲಿಲ್ಲ. ಉಳಿದದ್ದು ಲೇಖನದ ವರ್ಣನೆ, ಕೆಲವು ಚಿತ್ರ ಮತ್ತು ಊರಿನ ಹೆಸರು.

ಕೊಟ್ಟಿಗೆಹಾರದ ಕಪ್ಪೆಯ ವಿಷಯದಲ್ಲಿ ಊರ ಹೆಸರು ಕೈ ಹಿಡಿಯಿತು. ಸಂಶೋಧಕರು ಅದೇ ಸೀಮೆಯ ತೊರೆಗಳಿಗೆ ಹೋಗಿ ಹುಡುಕಿದರು. ರಾಯರು ಅದನ್ನು ಪೊದೆಗಪ್ಪೆಗಳ ಗುಂಪಿಗೆ ಸೇರಿಸಿದ್ದರು. ನಿಜದಲ್ಲಿ ಅದು ತೊರೆಯ ಕಲ್ಲಿನ ಮೇಲೆ ಕೂತು ಹಿಂಗಾಲನ್ನು ಚಾಚಿ, ಬೆರಳು ಬಿಡಿಸಿ ಬೀಸುವ ಕುಣಿಯುವ ಕಪ್ಪೆ. ಹರಿಯುವ ನೀರಿನ ಸದ್ದಿನಲ್ಲಿ ಕೂಗು ಕೇಳಿಸುವುದು ಕಷ್ಟ. ಅದಕ್ಕೆ ಗಂಡು ಕಪ್ಪೆ ಕಾಲನ್ನೇ ಬಾವುಟ ಮಾಡಿಕೊಂಡಿದೆ. ಎಸ್.ಡಿ. ಬಿಜು ಮತ್ತು ಜೊತೆಗಾರರು 2014ರಲ್ಲಿ ಪಶ್ಚಿಮ ಘಟ್ಟದ ಕುಣಿಯುವ ಕಪ್ಪೆಗಳ ದೊಡ್ಡ ಅಧ್ಯಯನ ಪ್ರಕಟಿಸಿ ಒಂದೇ ಸಲಕ್ಕೆ 14 ಹೊಸ ಪ್ರಭೇದ ಹೆಸರಿಸಿದರು. ಒಟ್ಟು ಸಂಖ್ಯೆ 24 ಆಯಿತು. ಅದರಲ್ಲಿ ಕೊಟ್ಟಿಗೆಹಾರದ ಹೆಸರು ಹಾಗೆಯೇ ಉಳಿದಿದೆ. 2023ರಲ್ಲಿ ಬಂದ ಜಾಗತಿಕ ವರದಿ ಈ 24ರಲ್ಲಿ 2 ಪ್ರಭೇದ ತೀರಾ ಅಪಾಯದಲ್ಲಿವೆ, 15 ಅಪಾಯದಲ್ಲಿವೆ ಎಂದಿತು. ಭಾರತದ ಕಪ್ಪೆಗಳಲ್ಲಿ ಅತ್ಯಂತ ಸಂಕಟದಲ್ಲಿರುವ ಕುಲ ಇದು.

ರಾಯರ ಹೆಸರೂ ಉಳಿಯಿತು. 2010ರಲ್ಲಿ ಪೊದೆಗಪ್ಪೆಗಳ ಒಂದು ಇಡೀ ಕುಲಕ್ಕೆ 'ರಾವರ್ಕೆಸ್ಟಿಸ್' ಎಂದು ಹೆಸರಿಟ್ಟರು. ಮಳೆಗಾಲದ ರಾತ್ರಿ ತೋಟದ ಪೊದೆಗಳಲ್ಲಿ ಟಿಕ್ ಟಿಕ್ ಎನ್ನುವ ಕಪ್ಪೆಗಳಲ್ಲಿ ಬಹಳಷ್ಟು ರಾಯರ ಹೆಸರು ಹೊತ್ತವು.

ಕೆಂಪುಹೊಳೆಯ ಗಿಡ್ಡಮೂತಿ ನೆಲಗಪ್ಪೆಗೆ ಇಷ್ಟು ಅದೃಷ್ಟ ಇರಲಿಲ್ಲ. ಅದು ಬಹುಕಾಲ ಹೆಸರಿಗಷ್ಟೇ ಇದ್ದ ಪ್ರಾಣಿ. ಅಪಾಯದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಅದರ ಮುಂದೆ ಬರೆದದ್ದು 'ಮಾಹಿತಿ ಸಾಲದು' ಎಂದು. ಎಷ್ಟಿವೆ, ಎಲ್ಲಿವೆ, ಹೆಚ್ಚುತ್ತಿವೆಯೋ ಕಡಿಮೆಯಾಗುತ್ತಿವೆಯೋ ಎಂಬ ಲೆಕ್ಕವಿಲ್ಲದ ಪ್ರಾಣಿಗೆ ರಕ್ಷಣೆ ಕೇಳುವುದು ಹೇಗೆ? ರೇಷನ್ ಕಾರ್ಡಿನಲ್ಲಿ ಹೆಸರಿಲ್ಲದ ಮನುಷ್ಯನ ಸ್ಥಿತಿಯೇ ಅದಕ್ಕೂ.

ಲೆಕ್ಕ ಹಾಕುವ ವಿದ್ಯೆ

ಹಾರುವ, ಅಡಗುವ, ರಾತ್ರಿ ಮಾತ್ರ ಹೊರಬರುವ ಪ್ರಾಣಿಯ ಲೆಕ್ಕ ಸಿಗುವುದು ಹೇಗೆ? ಇದಕ್ಕೆ ಉಪಾಯ ಹುಟ್ಟಿದ್ದು ಮೀನಿನಿಂದ. 1890ರ ದಶಕದಲ್ಲಿ ಡೆನ್ಮಾರ್ಕಿನ ಪೀಟರ್ಸನ್ ಎಂಬವರು ಸಮುದ್ರದ ಚಪ್ಪಟೆ ಮೀನುಗಳಿಗೆ ಬಿಲ್ಲೆ ಕಟ್ಟಿ ಬಿಟ್ಟು, ಮತ್ತೆ ಹಿಡಿದು ನೋಡಿದರು.

ಲೆಕ್ಕ ಸುಲಭ. ಒಂದು ಮದಕದಲ್ಲಿ 50 ಕಪ್ಪೆ ಹಿಡಿದು ಗುರುತು ಹಾಕಿ ಬಿಟ್ಟೆವು ಎಂದುಕೊಳ್ಳಿ. ಅವು ಉಳಿದವುಗಳ ಜೊತೆ ಬೆರೆತವು. ವಾರ ಕಳೆದು ಮತ್ತೆ 40 ಹಿಡಿದೆವು. ಅದರಲ್ಲಿ 10ಕ್ಕೆ ಗುರುತಿದೆ. ಅಂದರೆ ನಾಲ್ಕರಲ್ಲಿ ಒಂದಕ್ಕೆ ಗುರುತು. ನಾವು ಗುರುತು ಹಾಕಿದ 50 ಒಟ್ಟಿನ ಕಾಲು ಪಾಲು ಎಂದಾಯಿತು. ಹಾಗಾದರೆ ಮದಕದಲ್ಲಿ ಸುಮಾರು 200 ಕಪ್ಪೆ. ಎಲ್ಲವನ್ನೂ ಹಿಡಿಯದೆ ಎಲ್ಲದರ ಅಂದಾಜು ಸಿಕ್ಕಿತು. ತಕ್ಕಡಿಯಲ್ಲಿ ನಿಲ್ಲದ ಕಪ್ಪೆ ಲೆಕ್ಕದಲ್ಲಿ ನಿಂತಿತು.

ಗುರುತು ಹಾಕುವುದು ಹೇಗೆ ಎಂಬುದೇ ಮುಂದಿನ ತೊಡಕು. ಹಕ್ಕಿಗೆ ಕಾಲುಂಗುರ ಹಾಕಬಹುದು. ಕಪ್ಪೆಯ ಕಾಲಿಗೆ ಉಂಗುರ ನಿಲ್ಲದು. 1927ರಲ್ಲೇ ಅಮೆರಿಕದಲ್ಲಿ ಬ್ರೀಡರ್ ಮತ್ತು ಜೊತೆಗಾರರು ಕಪ್ಪೆಗೆ ಬಿಲ್ಲೆ ಕಟ್ಟುವ ವಿಧಾನದ ಬಗ್ಗೆ ಬರೆದಿದ್ದರು. ಆಮೇಲೆ ಬಹುಕಾಲ ಚಾಲ್ತಿಯಲ್ಲಿದ್ದದ್ದು ಬೆರಳ ತುದಿ ಕತ್ತರಿಸುವುದು. ಯಾವ ಕಾಲಿನ ಎಷ್ಟನೇ ಬೆರಳು ಎಂಬುದರ ಮೇಲೆ ಪ್ರತಿ ಕಪ್ಪೆಗೂ ಒಂದು ನಂಬರು. ಖರ್ಚಿಲ್ಲದ ಉಪಾಯ. ಆದರೆ 2000ದ ನಂತರ ಹಳೆಯ ಲೆಕ್ಕಗಳನ್ನೆಲ್ಲ ಮತ್ತೆ ಕೂಡಿಸಿ ನೋಡಿದವರು, ಹೆಚ್ಚು ಬೆರಳು ಕತ್ತರಿಸಿದಷ್ಟೂ ಆ ಕಪ್ಪೆ ಮರಳಿ ಸಿಗುವುದು ಕಡಿಮೆ ಎಂದು ತೋರಿಸಿದರು. ಗುರುತೇ ಪೆಟ್ಟಾದರೆ ಲೆಕ್ಕವೂ ತಪ್ಪು, ಪಾಪವೂ ಹೌದು. ಅಲ್ಲಿಂದ ವಿಜ್ಞಾನಿಗಳಲ್ಲೇ ದೊಡ್ಡ ಚರ್ಚೆಯಾಯಿತು.

ಈಗ ಬಂದಿರುವುದು ಚಿಪ್ಪು. ಅಕ್ಕಿಕಾಳಿನಷ್ಟು ಗಾಜಿನ ಕೊಳವೆ, ಒಳಗೆ ನಂಬರು. ಬ್ಯಾಟರಿ ಇಲ್ಲ. ತೊಗಲಿನ ಅಡಿಗೆ ಸೇರಿಸಿದರೆ ಆಯಿತು, ಹತ್ತಿರ ಯಂತ್ರ ಹಿಡಿದರೆ ನಂಬರು ತೋರಿಸುತ್ತದೆ. ನಮ್ಮ ಹಟ್ಟಿಯ ದನದ ಕಿವಿಗೆ ಪಶು ಇಲಾಖೆಯವರು ಹಾಕುವ 12 ಅಂಕಿಯ ಹಳದಿ ಬಿಲ್ಲೆ ಇದೆಯಲ್ಲ, ಕೆಲಸ ಅದರದ್ದೇ. ನಂಬರು ಬೇಡ, ಎಲ್ಲಿ ಹೋಗುತ್ತದೆ ಎಂದು ತಿಳಿಯಬೇಕು ಎಂದಾದರೆ ಸೊಂಟಕ್ಕೆ ಸಣ್ಣ ರೇಡಿಯೋ ಕಟ್ಟುತ್ತಾರೆ. ಕಪ್ಪೆಯ ತೂಕದ ಹತ್ತರಲ್ಲಿ ಒಂದು ಪಾಲು ಮೀರಬಾರದು, ಅದಕ್ಕಿಂತ ಕಡಿಮೆಯಾದಷ್ಟೂ ಒಳ್ಳೆಯದು ಎಂಬುದು ಕಟ್ಟುಪಾಡು. ರೇಡಿಯೋ ಇಲ್ಲದ ಕಾಲದಲ್ಲಿ ಅಮೆರಿಕದ ಡೋಲ್ ಎಂಬ ಸಂಶೋಧಕ ಕಪ್ಪೆಯ ಬೆನ್ನಿಗೆ ನೂಲಿನ ಉಂಡೆ ಕಟ್ಟಿದ್ದ. ಕಪ್ಪೆ ಹೋದ ದಾರಿಯುದ್ದಕ್ಕೂ ನೂಲು ಬಿಚ್ಚಿಕೊಳ್ಳುತ್ತಿತ್ತು. ಬೆಳಿಗ್ಗೆ ಆ ನೂಲು ಹಿಡಿದು ನಡೆದರೆ ರಾತ್ರಿಯ ಸಂಚಾರ ಪೂರ್ತಿ ತಿಳಿಯುತ್ತಿತ್ತು. 1965ರಲ್ಲಿ ಪ್ರಕಟವಾದ ಕೆಲಸ ಅದು. ಮಗ್ಗದ ಊರಿನವರಿಗೆ ಖುಷಿಯಾಗುವ ವಿದ್ಯೆ.

ಹಿಮದ ಹುಲ್ಲುಗಾವಲಿನ ನೆಲಗಪ್ಪೆ

ಗುರುತು ಹಾಕಿ ಬೆನ್ನು ಹತ್ತಿದರೆ ಏನು ತಿಳಿಯುತ್ತದೆ ಎಂಬುದಕ್ಕೆ ಒಳ್ಳೆಯ ಉದಾಹರಣೆ ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಬೆಟ್ಟಗಳಲ್ಲಿದೆ. ಅಲ್ಲಿಯ ಎತ್ತರದ ಹುಲ್ಲುಗಾವಲುಗಳಲ್ಲಿ ಯೊಸೆಮಿಟಿ ನೆಲಗಪ್ಪೆ ಎಂಬುದಿದೆ. 1916ರಲ್ಲಿ ಚಾರ್ಲ್ಸ್ ಕ್ಯಾಂಪ್ ಇದನ್ನು ವರ್ಣಿಸಿ, ದನಿ ಇಂಪಾಗಿದೆ ಎಂದು 'ಕ್ಯಾನೋರಸ್' ಅಂದರೆ ಇಂಪುಗಾರ ಎಂದು ಹೆಸರಿಟ್ಟ. ವರ್ಷದ ಹೆಚ್ಚಿನ ಕಾಲ ಅಲ್ಲಿ ಹಿಮ. ಹಿಮ ಕರಗಿ ಹುಲ್ಲಿನ ನಡುವೆ ಗೇಣು ನೀರು ನಿಂತಾಗ ಕಪ್ಪೆಗಳು ಬಂದು ಮೊಟ್ಟೆ ಇಡುತ್ತವೆ. ಆಮೇಲೆ ಮಾಯ.

ಎಲ್ಲಿಗೆ ಹೋಗುತ್ತವೆ? 1950ರ ದಶಕದಲ್ಲಿ ಅರ್ನೆಸ್ಟ್ ಕಾರ್ಲ್‌ಸ್ಟ್ರಾಮ್ ಎಂಬ ಸಂಶೋಧಕ ಇದಕ್ಕೆ ಇಂದು ಯಾರೂ ಒಪ್ಪದ ಉಪಾಯ ಮಾಡಿದ. ವಿಕಿರಣ ಸೂಸುವ ಕೋಬಾಲ್ಟ್ 60ರ ಸಣ್ಣ ಗುರುತನ್ನು ಕಪ್ಪೆಗೆ ಹಾಕಿ, ವಿಕಿರಣ ಅಳೆಯುವ ಯಂತ್ರ ಹಿಡಿದು ಹುಲ್ಲುಗಾವಲು ಸುತ್ತಿದ. ಮಣ್ಣಿನ ಅಡಿ ಅಡಗಿದ ಕಪ್ಪೆಯೂ ಪತ್ತೆಯಾಗುತ್ತಿತ್ತು. 1957ರಲ್ಲಿ ಅದನ್ನು ಪ್ರಕಟಿಸಿದ. ಅಣುಯುಗದ ಉತ್ಸಾಹದ ಕಾಲವದು.

1970ರ ದಶಕದ ಆರಂಭದಿಂದ ಸಿಂಥಿಯಾ ಶರ್ಮನ್ ಮತ್ತು ಮಾರ್ಟಿನ್ ಮಾರ್ಟನ್ ಟಿಯೋಗಾ ಕಣಿವೆದಾರಿಯ ಹುಲ್ಲುಗಾವಲಿನಲ್ಲಿ ವರ್ಷ ವರ್ಷವೂ ಕಪ್ಪೆಗಳಿಗೆ ಗುರುತು ಹಾಕಿ ಎಣಿಸಿದರು. ಅವರು ಹೊರಟದ್ದು ಕಪ್ಪೆಯ ಜೀವನ ತಿಳಿಯಲಿಕ್ಕೆ. ಆದರೆ ಪುಸ್ತಕದಲ್ಲಿ ಬೇರೆಯದೇ ಕಥೆ ಕಾಣಿಸಿತು. 1980ರ ದಶಕದ ಆರಂಭಕ್ಕೆ ನೀರಿಗೆ ಬರುವ ಗಂಡು ಕಪ್ಪೆಗಳ ಸಂಖ್ಯೆ ಸುಮಾರು ಒಂಬತ್ತರಲ್ಲಿ ಒಂದು ಪಾಲಿಗೆ ಇಳಿದಿತ್ತು. ಅವರು ಅದನ್ನು 1993ರಲ್ಲಿ ಪ್ರಕಟಿಸಿದರು. ಎಣಿಸಿದ ಪುಸ್ತಕ ಇಲ್ಲದಿದ್ದರೆ, 'ಮೊದಲು ತುಂಬಾ ಇತ್ತು ಮಾರಾಯ್ರೇ, ಈಗ ಇಲ್ಲ' ಎಂಬ ಮಾತಷ್ಟೇ ಉಳಿಯುತ್ತಿತ್ತು. ಪುಸ್ತಕ ಇದ್ದದ್ದರಿಂದ ಮಾತಿಗೆ ತೂಕ ಬಂತು. 2014ರಲ್ಲಿ ಅಮೆರಿಕ ಸರ್ಕಾರ ಈ ನೆಲಗಪ್ಪೆಯನ್ನು ಅಪಾಯದ ಅಂಚಿನ ಪ್ರಾಣಿ ಎಂದು ಕಾನೂನಿನ ಪಟ್ಟಿಗೆ ಸೇರಿಸಿತು.

ರೇಡಿಯೋ ಕಟ್ಟಿ ನೋಡಿದವರು ಇನ್ನೊಂದು ಸಂಗತಿ ಕಂಡರು. ಕಪ್ಪೆ ನೀರಿನಲ್ಲಿರುವುದು ವರ್ಷದ ಸ್ವಲ್ಪ ದಿನ. ಉಳಿದ ಕಾಲ ಸುತ್ತಲಿನ ಏರು ನೆಲದಲ್ಲಿ, ಇಲಿ ಹೆಗ್ಗಣಗಳಂತಹ ಪ್ರಾಣಿಗಳು ತೋಡಿದ ಬಿಲಗಳಲ್ಲಿ. ಕೊಳಕ್ಕೆ ಬೇಲಿ ಹಾಕಿದರೆ ಕಪ್ಪೆ ಉಳಿಯುವುದಿಲ್ಲ. ಕೊಳ, ಗುಡ್ಡ ಮತ್ತು ಅವೆರಡರ ನಡುವಿನ ದಾರಿ ಮೂರೂ ಉಳಿಯಬೇಕು. ಈ ಮಾತು ನೆನಪಿಡಿ, ಕೊನೆಗೆ ನಮ್ಮ ರಸ್ತೆಗೆ ಬೇಕಾಗುತ್ತದೆ.

ಎಲ್ಲ ನೆಲಗಪ್ಪೆಯೂ ಬಡಪಾಯಿ ಅಲ್ಲ ಎಂಬುದನ್ನೂ ಹೇಳಬೇಕು. ಕಬ್ಬಿನ ಹುಳ ತಿನ್ನಲೆಂದು 1935ರಲ್ಲಿ ಆಸ್ಟ್ರೇಲಿಯಾಕ್ಕೆ ತಂದು ಬಿಟ್ಟ ಅಮೆರಿಕದ ನೆಲಗಪ್ಪೆ ಅಲ್ಲಿ ಪಿಡುಗಾಯಿತು. ರೇಡಿಯೋ ಕಟ್ಟಿ ನೋಡಿದಾಗ ಮುಂಚೂಣಿಯ ಕಪ್ಪೆಗಳು ಒಂದೇ ರಾತ್ರಿಗೆ 1.8 ಕಿಲೋಮೀಟರ್‌ವರೆಗೆ ಹೋಗುತ್ತಿದ್ದವು. ಅವುಗಳ ಕಾಲೂ ಉದ್ದವಾಗಿತ್ತು ಎಂದು 2006ರಲ್ಲಿ ಪ್ರಕಟವಾಯಿತು. ನಮ್ಮ ಜಗಲಿಯ ನೆಲಗಪ್ಪೆಯ ಜಾತಿಯೇ ಆಗ್ನೇಯ ಏಷ್ಯಾದಿಂದ ಮಡಗಾಸ್ಕರ್ ದ್ವೀಪಕ್ಕೆ ಸೇರಿ, ಅಲ್ಲಿಯ ಹಾವು ಪ್ರಾಣಿಗಳಿಗೆ ವಿಷವಾಗಿದೆ. ಇಲ್ಲಿ ತೋಟದ ಹುಳ ತಿನ್ನುವ ನೆಂಟ, ಅಲ್ಲಿ ಕರೆಯದೆ ಬಂದ ಕಂಟಕ. ಪ್ರಾಣಿಯ ಗುಣ ಅದರ ಜಾಗದ ಮೇಲೆ ನಿಂತಿದೆ.

ನಮ್ಮ ಹುಲ್ಲುಗಾವಲು: ಕುದುರೆಮುಖ

ಬೆಳ್ತಂಗಡಿಯ ಬಯಲಿನಲ್ಲಿ ನಿಂತು ತಲೆ ಎತ್ತಿದರೆ ಕಾಣುವ ಕುದುರೆಮುಖದ ಸಾಲು ನಮ್ಮ ಮಟ್ಟಿಗೆ ಬೆಟ್ಟದ ಹುಲ್ಲುಗಾವಲು. ನೆತ್ತಿಯಲ್ಲಿ ಹುಲ್ಲು, ಕಣಿವೆಯ ಮಡಿಲಲ್ಲಿ ಶೋಲಾ ಕಾಡು. ನೇತ್ರಾವತಿಯ ನೀರು ಆ ಬೆಟ್ಟಗಳದ್ದು. ಪಾಣೆಮಂಗಳೂರಿನಲ್ಲಿ ನಾವು ನೋಡುವ ಹೊಳೆ ಅಲ್ಲಿಯ ಹುಲ್ಲು ಹೀರಿ ಬಿಟ್ಟ ಮಳೆ.

ಅಲ್ಲಿ 1976ರಲ್ಲಿ ಕಬ್ಬಿಣದ ಅದಿರಿನ ಕಂಪನಿ ಬಂತು. ಅದಿರಿನ ರಾಡಿ ಕೊಳವೆಯಲ್ಲಿ ಮಂಗಳೂರಿಗೆ ಇಳಿಯುತ್ತಿತ್ತು. 1987ರಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನವೂ ಆಯಿತು, ಗಣಿಯೂ ನಡೆಯಿತು. 2002ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟು, 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಆ ವಾಗ್ವಾದದ ವರ್ಷಗಳಲ್ಲೇ ಕುವೆಂಪು ವಿಶ್ವವಿದ್ಯಾಲಯದ ಎಸ್.ವಿ. ಕೃಷ್ಣಮೂರ್ತಿ ಉದ್ಯಾನದೊಳಗಿನ ಕೆಡದ ಜಾಗ ಮತ್ತು ಕೆಟ್ಟ ಜಾಗಗಳಲ್ಲಿ ಯಾವ ಯಾವ ಕಪ್ಪೆಗಳಿವೆ ಎಂದು ಹೋಲಿಸಿ ನೋಡಿದರು. 2003ರಲ್ಲಿ ಅದು ಪ್ರಕಟವಾಯಿತು. ಬೆಟ್ಟದ ಆರೋಗ್ಯ ತಿಳಿಯಲು ಕಪ್ಪೆಯ ನಾಡಿ ಹಿಡಿದ ಹಾಗೆ.

ಗಣಿ ನಿಂತು ಎರಡು ವರ್ಷಕ್ಕೆ, 2007ರಲ್ಲಿ, ಜಪಾನಿನ ಕುರಮೊಟೊ, ನಮ್ಮ ಕಡೆಯ ಹರೀಶ್ ಜೋಶಿ ಮತ್ತು ಜೊತೆಗಾರರು ಈ ಭಾಗದಿಂದ ನಾಲ್ಕು ಹೊಸ ಕಪ್ಪೆಗಳನ್ನು ಹೆಸರಿಸಿದರು. ಒಂದರ ಹೆಸರು 'ಕುದುರೆಮುಖೆನ್ಸಿಸ್'. ರಾಯರ ಪದ್ಧತಿಯೇ, ಊರ ಹೆಸರೇ ಗುರುತು. 2009ರಲ್ಲಿ ಮಂಗಳೂರಿನ ಸೇಂಟ್ ಅಲೋಶಿಯಸ್ ಕಾಲೇಜಿನ ನೆನಪಿಗೆ 'ಅಲೋಯ್ಸಿ', ಮೂಡಿಗೆರೆಯ ಹೆಸರಿನಲ್ಲಿ 'ಮೂಡಿಗೆರೆ' ಎಂಬ ಇನ್ನೆರಡು ಬಂದವು.

ದನಿಯೇ ಬಿಲ್ಲೆ

ನಮ್ಮ ನಾಡಿನಲ್ಲಿ ರೇಡಿಯೋ ಕಟ್ಟಿ ಬೆನ್ನು ಹತ್ತಿದ ಪ್ರಸಿದ್ಧ ಪ್ರಾಣಿ ಕಪ್ಪೆಯಲ್ಲ, ಕಾಳಿಂಗ. 2005ರಲ್ಲಿ ರೋಮುಲಸ್ ವಿಟೇಕರ್ ಆಗುಂಬೆಯಲ್ಲಿ ಮಳೆಕಾಡು ಸಂಶೋಧನಾ ಕೇಂದ್ರ ಶುರು ಮಾಡಿದರು. 2008ರಲ್ಲಿ ಅಲ್ಲಿ ಕಾಳಿಂಗ ಸರ್ಪಗಳಿಗೆ ರೇಡಿಯೋ ಅಳವಡಿಸಿ ಸಂಚಾರ ನೋಡುವ ಕೆಲಸ ಆರಂಭವಾಯಿತು. ಎರಡು ಗುಂಜಿ ತೂಕದ ಪೊದೆಗಪ್ಪೆಗೆ ಅದು ಸಾಧ್ಯವಿಲ್ಲ. ಅದಕ್ಕೆ ಕಪ್ಪೆ ಸಂಶೋಧಕರು ಬೇರೆ ದಾರಿ ಹಿಡಿದರು.

ಕಪ್ಪೆಯ ಕೂಗು ಜಾತಿಯಿಂದ ಜಾತಿಗೆ ಬೇರೆ. ಕೂಗು ಗೊತ್ತಿದ್ದರೆ ಮುಟ್ಟದೆ, ಹಿಡಿಯದೆ, ಕತ್ತಲಲ್ಲೇ ಎಣಿಸಬಹುದು. ಕೆ.ವಿ. ಗುರುರಾಜ 2012ರಲ್ಲಿ ಪಶ್ಚಿಮ ಘಟ್ಟದ ಕಪ್ಪೆಗಳ ಚಿತ್ರ ಕೈಪಿಡಿ ತಂದರು. ಕೂಗುಗಳನ್ನು ಮೊಬೈಲಿನಲ್ಲೇ ಕೇಳುವ 'ಮಂಡೂಕವಾಣಿ' ಆ್ಯಪ್ ಕೂಡ ಅವರದ್ದೇ. ಮಲಬಾರ್ ಮರಗಪ್ಪೆ ಎಲ್ಲೆಲ್ಲಿದೆ ಎಂಬ ನಕ್ಷೆಯನ್ನು ಸಾಮಾನ್ಯ ಜನರಿಂದಲೇ ಮಾಡಿಸುವ ಕೆಲಸ 2014ರಲ್ಲಿ ಶುರುವಾಯಿತು. ಕಂಡವರು ಫೋಟೊ ಮತ್ತು ಜಾಗವನ್ನು ಕಳಿಸಬೇಕು, ಅಷ್ಟೇ. ಅದೇ 2014ರಲ್ಲಿ ಉತ್ತರ ಕನ್ನಡದ ಕತ್ತಲೆಕಾನಿನಿಂದ ಒಂದು ಕಪ್ಪೆಗೆ 'ಕುಂಬಾರ' ಎಂದೇ ಹೆಸರಾಯಿತು. ಅದು ತನ್ನ ಮೊಟ್ಟೆಗಳಿಗೆ ಕೈಯಾರೆ ಮಣ್ಣು ಮೆತ್ತುತ್ತದೆ.

ನಮಗೆ ಹೆಚ್ಚು ನಾಟಿದ್ದು ಮಣಿಪಾಲದ ಕಥೆ. ಅಲ್ಲಿಯ ಮುರಕಲ್ಲಿನ ಪಾದೆಯ ಮೇಲೆ ಮಳೆನೀರು ನಿಲ್ಲುವ ಗುಂಡಿಗಳಲ್ಲಿ ರಮಿತ್ ಸಿಂಗಲ್ ಸುಮಾರು 1.6 ಸೆಂಟಿಮೀಟರ್ ಉದ್ದದ ಕಪ್ಪೆಯೊಂದನ್ನು ಗಮನಿಸಿದರು. ಕೆ.ಎಸ್. ಶೇಷಾದ್ರಿ, ಗುರುರಾಜ ಮುಂತಾದವರು ಸೇರಿ 2016ರಲ್ಲಿ ಅದನ್ನು ಹೊಸ ಪ್ರಭೇದವೆಂದು ಪ್ರಕಟಿಸಿ, ಮುರಕಲ್ಲಿನ ಹೆಸರನ್ನೇ ಇಟ್ಟರು. ಕಂದಾಯ ದಾಖಲೆಯಲ್ಲಿ ಬಂಜರು ಎನಿಸಿಕೊಳ್ಳುವ ನೆಲ ಅದು. ಬಂಟ್ವಾಳ, ಮೂಡುಬಿದಿರೆ ಕಡೆಯ ನಮ್ಮ ಪದವುಗಳೂ ಅಂಥವೇ. ಬೇಸಿಗೆಯಲ್ಲಿ ಕಾದ ಬಾಣಲೆ, ಮಳೆಗಾಲದಲ್ಲಿ ಹುಲ್ಲು, ಹೂ, ನೀರು, ಕಪ್ಪೆ. ಬಂಜರು ಎಂದು ಬರೆದವರು ಬೇಸಿಗೆಯಲ್ಲಿ ಬಂದಿದ್ದಿರಬೇಕು.

ದಾರಿ ದಾಟುವ ರಾತ್ರಿ

ಈಗ ನಮ್ಮ ರಸ್ತೆಗೆ ಬರೋಣ. ಮೊದಲ ಜೋರು ಮಳೆಯ ರಾತ್ರಿ ನೆಲಗಪ್ಪೆಗಳು ಗುಡ್ಡೆಯ ಬದಿಯಿಂದ ನೀರಿನ ಬದಿಗೆ ಹೊರಡುತ್ತವೆ. ನಡುವೆ ರಸ್ತೆ. ಗದ್ದೆಯ ಪಕ್ಕದ ರಸ್ತೆಯಲ್ಲಿ ಮರುದಿನ ಬೆಳಿಗ್ಗೆ ಎಷ್ಟು ಕಪ್ಪೆ ಚಪ್ಪಟೆಯಾಗಿರುತ್ತವೆ ಎಂದು ಶಾಲೆಗೆ ನಡೆದು ಹೋಗುವ ಮಕ್ಕಳಿಗೆ ಗೊತ್ತು. ಶರಾವತಿ ಕಣಿವೆಯಲ್ಲಿ ಕಾಡು, ಗದ್ದೆ, ನೀರಿನ ಪಕ್ಕದ ರಸ್ತೆಗಳಲ್ಲಿ ಸತ್ತ ಕಪ್ಪೆಗಳನ್ನು ಎಣಿಸಿ ಶೇಷಾದ್ರಿ, ಅಮಿತ್ ಯಾದವ್ ಮತ್ತು ಗುರುರಾಜ 2009ರಲ್ಲಿ ಪ್ರಕಟಿಸಿದ್ದಾರೆ. ಸತ್ತ ಕಪ್ಪೆಯೂ ಒಂದು ಲೆಕ್ಕವೇ.

ಯುರೋಪಿನ ಕೆಲವು ಊರುಗಳಲ್ಲಿ ನೆಲಗಪ್ಪೆ ದಾಟುವ ಕಾಲಕ್ಕೆ ಜನ ಬಕೆಟ್ ಹಿಡಿದು ನಿಂತು ದಾಟಿಸುತ್ತಾರೆ. ರಸ್ತೆಯ ಅಡಿಗೆ ಸಣ್ಣ ಸುರಂಗ ಮಾಡಿದ್ದೂ ಇದೆ. ನಮ್ಮಲ್ಲಿ ಮೋರಿ ಇದೆ. ಮೋರಿಯ ಬಾಯಿ ಕಸದಿಂದ ಕಟ್ಟಿರದಿದ್ದರೆ, ಚರಂಡಿಯ ಕಾಂಕ್ರೀಟ್ ಗೋಡೆ ನೆಟ್ಟಗೆ ನಿಲ್ಲದೆ ಸ್ವಲ್ಪ ಓರೆಯಾಗಿದ್ದರೆ ಕಪ್ಪೆಗೆ ಅಷ್ಟೇ ಸಾಕು. ಹೆದ್ದಾರಿ ಅಗಲವಾಗುವಾಗ ಈ ಮಾತನ್ನು ಯಾರಾದರೂ ಗ್ರಾಮಸಭೆಯಲ್ಲಿ ಎತ್ತಿದರೆ ನಗಬೇಡಿ. ಕಪ್ಪೆಗೆ ಬಿಟ್ಟ ದಾರಿಯಲ್ಲಿ ಮಳೆನೀರೂ ಹೋಗುತ್ತದೆ, ನಿಮ್ಮ ಅಂಗಡಿಗೆ ನುಗ್ಗುವುದಿಲ್ಲ.

ಗದ್ದೆಗಳು ತೋಟವಾಗಿವೆ. ಮಳೆಗಾಲದಲ್ಲಿ ಅಡಿಕೆಗೆ ಮದ್ದು ಬಿಡುವುದು ನಮಗೆ ಬದುಕಿನ ಪ್ರಶ್ನೆ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಪರಿಹಾರ ಎಂದು ಮೈಸೂರು ಸಂಸ್ಥಾನದಲ್ಲಿ ತೋರಿಸಿಕೊಟ್ಟ ಲೆಸ್ಲಿ ಕೋಲ್ಮನ್ ಅವರ ವರದಿ 1910ರದ್ದು. ಅದು ಬೇಡ ಎನ್ನಲು ನಾವು ಯಾರು? ಆದರೆ ಮೈಲುತುತ್ತಿನಲ್ಲಿರುವ ತಾಮ್ರ ಗೊದಮೊಟ್ಟೆಗೆ ವಿಷ. ಡ್ರಮ್ಮು ತೊಳೆದ ನೀರನ್ನು ತೋಡಿಗೆ, ಕೆರೆಗೆ ಬಿಡದೆ ತೋಟದ ಮಣ್ಣಿಗೇ ಚೆಲ್ಲಿದರೆ ಖರ್ಚೇನೂ ಇಲ್ಲ.

ಪ್ರಪಂಚದ ಉಭಯಚರ ಜಾತಿಗಳಲ್ಲಿ 100ಕ್ಕೆ ಸುಮಾರು 41 ಅಪಾಯದಲ್ಲಿವೆ ಎಂದು 2023ರ ಜಾಗತಿಕ ಲೆಕ್ಕ ಹೇಳುತ್ತದೆ. ಬೆನ್ನೆಲುಬಿರುವ ಪ್ರಾಣಿಗಳಲ್ಲಿ ಇಷ್ಟು ಕೆಟ್ಟ ಸ್ಥಿತಿ ಇನ್ನಾವ ವರ್ಗಕ್ಕೂ ಇಲ್ಲ. 2019ರ ಜೂನಿನಲ್ಲಿ ಉಡುಪಿಯಲ್ಲಿ ಮಳೆಗಾಗಿ ವರುಣ, ವರ್ಷಾ ಎಂಬ ಕಪ್ಪೆಗಳಿಗೆ ಮದುವೆ ಮಾಡಿಸಿದ್ದು ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು. ಮಳೆ ಬೇಕಾದಾಗ ಕಪ್ಪೆಯನ್ನು ನೆನೆಯುವ ನಾವು, ಮಳೆ ಬಂದ ಮೇಲೂ ಒಂದು ರಾತ್ರಿ ನೆನೆಯಬಹುದಲ್ಲ?

ನಿಮ್ಮ ಕೈಯಲ್ಲಿರುವ ಫೋನು

ಕಪ್ಪೆಗೆ ಚಿಪ್ಪು ಹಾಕುವುದು, ಹಿಡಿಯುವುದು ಅನುಮತಿ ಪಡೆದ ಸಂಶೋಧಕರ ಕೆಲಸ. ಅದನ್ನು ನಾವು ನೀವು ಮಾಡಬಾರದು. ಆದರೆ ನಾರಾಯಣ ರಾಯರ ಬಳಿ ಇಲ್ಲದ ಒಂದು ವಸ್ತು ನಿಮ್ಮ ಕೈಯಲ್ಲೇ ಇದೆ. ಮೊದಲ ಮಳೆಯಿಂದ ಶುರು ಮಾಡಿ, ವಾರಕ್ಕೆ ಒಂದು ರಾತ್ರಿ, ಅದೇ ಜಾಗದಲ್ಲಿ, ಅದೇ ಹೊತ್ತಿಗೆ ಎರಡು ನಿಮಿಷ ಕಪ್ಪೆ ಕೂಗು ರೆಕಾರ್ಡ್ ಮಾಡಿ. ತಾರೀಕು, ಜಾಗದ ಹೆಸರು ಬರೆದಿಡಿ. ಊರಿನ ಹೆಸರಷ್ಟೇ ಸಾಲದು, ಬೈಲಿನ ಹೆಸರು, ಮದಕದ ಹೆಸರು, ಗುಡ್ಡೆಯ ಹೆಸರು ಬೇಕು. ಹೆಸರು ಹಾಕುವಾಗ ಈಗಿನ ಲೇಔಟಿನದ್ದು ಬೇಡ, ಮನೆಯ ಹಿರಿಯರನ್ನು ಕೇಳಿ ಹಳೆಯದನ್ನೇ ಬರೆಯಿರಿ. ಐದು ವರ್ಷ ಕಳೆದರೆ ಅದು ಬರೀ ಆಡಿಯೋ ಆಗಿರುವುದಿಲ್ಲ, ಊರಿನ ದಾಖಲೆ ಆಗಿರುತ್ತದೆ.

ರಾಯರ ಬಾಟಲಿಗಳು ಹೋದ ಮೇಲೂ ಕೊಟ್ಟಿಗೆಹಾರದ ಕಪ್ಪೆ ಮತ್ತೆ ಸಿಕ್ಕಿದ್ದು ಏಕೆಂದರೆ ಕೊಟ್ಟಿಗೆಹಾರದ ತೊರೆ ಇತ್ತು. ಊರ ಹೆಸರು ಗುರುತಾಗಿ ಕೆಲಸ ಮಾಡುವುದು ಊರಿನ ನೀರು ಉಳಿದಿದ್ದರೆ ಮಾತ್ರ. ಬರೆದಿಡುವುದು ಅರ್ಧ ಕೆಲಸ. ತೋಡು, ಮದಕ, ಪದವು ಉಳಿಸಿಕೊಳ್ಳುವುದು ಉಳಿದರ್ಧ.